ಹೃದಯಸ್ತಂಭನ ಎಂದ ಮಾತ್ರಕ್ಕೆ ಸಾವಿನ ಕಾರಣ ತಿಳಿದಂತಾಗದು

ಪಂಜಾಬಿನ ದೇಹದಾರ್ಢ್ಯ ಪಟು ಹಾಗೂ ಚಿತ್ರನಟ ವರಿಂದರ್ ಸಿಂಗ್ ಘುಮನ್ 2025ರ ಅಕ್ಟೋಬರ್ 9ರಂದು ಅಮೃತಸರದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. 2009ರಲ್ಲಿ ಮಿಸ್ಟರ್ ಇಂಡಿಯಾ ಪಟ್ಟ ಗೆದ್ದಿದ್ದ ಅವರು ಮಿಸ್ಟರ್ ಏಷ್ಯಾ ಸ್ಪರ್ಧೆಯಲ್ಲಿ ಎರಡನೇ ಸ್ಥಾನಕ್ಕೆ ಏರಿದ್ದರು. ಮಾಂಸ ಮುಟ್ಟದೆಯೇ ಅಷ್ಟು ದೊಡ್ಡ ಮೈಕಟ್ಟು ಬೆಳೆಸಿದವರೆಂಬ ಕಾರಣಕ್ಕೆ ಅವರ ಹೆಸರು ದೇಶದಾಚೆಗೂ ಹೋಗಿತ್ತು. ಪಂಜಾಬಿ ಚಿತ್ರದ ಮೂಲಕ ತೆರೆಗೆ ಬಂದು, ಹಿಂದಿಯಲ್ಲಿ ಕೆಲವು ಪಾತ್ರಗಳನ್ನು ಮಾಡಿ, 2023ರಲ್ಲಿ ಸಲ್ಮಾನ್ ಖಾನ್ ನಾಯಕರಾಗಿದ್ದ ‘ಟೈಗರ್ 3’ ಚಿತ್ರದಲ್ಲೂ ಕಾಣಿಸಿಕೊಂಡಿದ್ದರು. ತೋಳು ಮತ್ತು ಭುಜದ ಭಾಗದ ಗಾಯಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಆಸ್ಪತ್ರೆ ಸೇರಿದ್ದ ಅವರು ಮನೆಗೆ ಮರಳಲಿಲ್ಲ. ಅಂದಿನ ಸುದ್ದಿಯಲ್ಲಿ ಕಾರಣವೆಂದು ಬಂದದ್ದು ಒಂದೇ ಪದ, ಹೃದಯಸ್ತಂಭನ.

ಆ ಒಂದು ಪದದ ಸುತ್ತ ನಾಲ್ಕಾರು ದಿಕ್ಕಿನ ಮಾತುಗಳು ಹುಟ್ಟಿಕೊಂಡವು. ಆಸ್ಪತ್ರೆಯವರ ನಿರ್ಲಕ್ಷ್ಯವೇ ಕಾರಣ ಎಂದು ಅವರ ಬಂಧುಗಳು, ಗೆಳೆಯರು ದೂರಿದರು. ದೇಹದಾರ್ಢ್ಯ ಪಟು ಎಂದ ಮೇಲೆ ಸ್ನಾಯು ಉಬ್ಬಿಸುವ ಸ್ಟೆರಾಯ್ಡ್ ಮದ್ದು ಇದ್ದೇ ಇರುತ್ತದೆ ಎಂದು ಹಲವರು ತೀರ್ಮಾನಿಸಿಬಿಟ್ಟರು. ಯುವಕರು ಹಠಾತ್ತನೆ ಸತ್ತಾಗಲೆಲ್ಲ ಕೇಳಿಬರುವ ಕೋವಿಡ್ ಲಸಿಕೆಯ ಮಾತೂ ಮತ್ತೆ ತಲೆಯೆತ್ತಿತು. ಇಷ್ಟು ಗಟ್ಟಿಮುಟ್ಟಾದ ಮನುಷ್ಯನಿಗೇ ಹೀಗಾದರೆ ನಮ್ಮ ಗತಿಯೇನು ಎಂಬ ಭಯ ಎಲ್ಲದರ ಹಿಂದೆಯೂ ಇತ್ತು. ಈ ಮಾತುಗಳಲ್ಲಿ ಯಾವುದಕ್ಕೆ ಎಷ್ಟು ಆಧಾರವಿದೆ ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ. ಏಕೆಂದರೆ ಇಂಥ ಸಾವಿನಿಂದ ಜನ ಯಾವ ಪಾಠ ಕಲಿಯುತ್ತಾರೆ ಎನ್ನುವುದರ ಮೇಲೆ ಅವರು ಜಿಮ್ ಬಿಡುತ್ತಾರೋ, ಲಸಿಕೆ ಬಿಡುತ್ತಾರೋ, ವೈದ್ಯರ ಮೇಲಿನ ನಂಬಿಕೆ ಬಿಡುತ್ತಾರೋ ಎಂಬುದು ನಿಂತಿದೆ.

ಎರಡು ಪದ, ಎರಡು ಅರ್ಥ

ನಮ್ಮ ಸುದ್ದಿಗಳಲ್ಲಿ ಹೃದಯಾಘಾತ ಮತ್ತು ಹೃದಯಸ್ತಂಭನ ಎಂಬ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬಳಕೆಯಾಗುತ್ತಿವೆ. ಗೊಂದಲದ ಬೇರು ಇಲ್ಲಿಯೇ ಇದೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ನಾಳ ಪೋಷಿಸುತ್ತಿದ್ದ ಭಾಗ ಸಾಯತೊಡಗುವುದು ಹೃದಯಾಘಾತ. ಆಗ ಎದೆನೋವು, ಬೆವರು, ಸಂಕಟ ಇರುತ್ತದೆ. ರೋಗಿ ಬಹುಪಾಲು ಎಚ್ಚರವಾಗಿರುತ್ತಾನೆ, ಚಿಕಿತ್ಸೆಗೆ ಸಮಯವೂ ಇರುತ್ತದೆ. ಹೃದಯಸ್ತಂಭನದಲ್ಲಿ ಹೃದಯ ರಕ್ತವನ್ನು ಪಂಪ್ ಮಾಡುವುದನ್ನೇ ನಿಲ್ಲಿಸುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಸರಿಪಡಿಸಲಾಗದ ಹಾನಿಯಾಗುತ್ತದೆ.

ಹೃದಯಾಘಾತದಿಂದ ಹೃದಯಸ್ತಂಭನ ಆಗಬಹುದು. ಆದರೆ ಅದೊಂದೇ ದಾರಿಯಲ್ಲ. ಹುಟ್ಟಿನಿಂದ ಬಂದ ಹೃದಯಸ್ನಾಯುವಿನ ದೋಷ, ವಿದ್ಯುತ್ ಸಂಕೇತದ ಏರುಪೇರು, ಕಾಲಿನ ರಕ್ತನಾಳದಲ್ಲಿ ಗಟ್ಟಿಯಾದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು, ರಕ್ತದಲ್ಲಿ ಪೊಟ್ಯಾಸಿಯಂ ಮಟ್ಟ ವಿಪರೀತ ಏರುವುದು ಅಥವಾ ಇಳಿಯುವುದು, ಔಷಧಕ್ಕೆ ತೀವ್ರ ಅಲರ್ಜಿ, ಅರಿವಳಿಕೆಯ ಹೊತ್ತಿನಲ್ಲಿ ಆಮ್ಲಜನಕದ ಕೊರತೆ, ಹೀಗೆ ಹತ್ತಾರು ಕಾರಣಗಳು ಕೊನೆಗೆ ಅದೇ ಸ್ಥಿತಿಗೆ ತಂದು ನಿಲ್ಲಿಸುತ್ತವೆ. ನಿಜ ಹೇಳಬೇಕೆಂದರೆ ಸಾಯುವ ಪ್ರತಿಯೊಬ್ಬರ ಹೃದಯವೂ ನಿಲ್ಲುತ್ತದೆ. ಈ ಕಾರಣಕ್ಕಾಗಿಯೇ ಮರಣ ಕಾರಣದ ವೈದ್ಯಕೀಯ ಪ್ರಮಾಣಪತ್ರ ತುಂಬುವಾಗ ಹೃದಯ ನಿಂತಿತು, ಉಸಿರು ನಿಂತಿತು ಎಂದಷ್ಟೇ ಬರೆಯಬಾರದು, ಅದಕ್ಕೆ ಎಡೆಮಾಡಿದ ಕಾಯಿಲೆ ಅಥವಾ ಗಾಯವನ್ನು ಬರೆಯಬೇಕು ಎಂದು ವೈದ್ಯರಿಗೆ ಕಲಿಸುತ್ತಾರೆ. ಹೃದಯಸ್ತಂಭನ ಎಂಬ ಪದ ಸಾವು ಹೇಗೆ ಬಂತೆಂದು ಹೇಳುತ್ತದೆ, ಏಕೆ ಬಂತೆಂದು ಹೇಳುವುದಿಲ್ಲ. ಘುಮನ್ ಅವರ ವಿಷಯದಲ್ಲಿ ಎದ್ದ ಎಲ್ಲ ವಾದಗಳೂ ಈ ‘ಏಕೆ’ ಎಂಬ ಖಾಲಿ ಜಾಗವನ್ನು ತಮಗೆ ತೋಚಿದಂತೆ ತುಂಬಿದವುಗಳೇ.

ತೋಳು ನೋಡಿ ಹೃದಯ ಅಳೆಯಲಾಗದು

ಹುರಿಗಟ್ಟಿದ ಮೈ ನೋಡಿದೊಡನೆ ಒಳಗಿನದ್ದೆಲ್ಲ ಅಷ್ಟೇ ಗಟ್ಟಿ ಎಂದು ಭಾವಿಸುವುದು ಸಹಜ. ಆದರೆ ತೋಳು, ತೊಡೆಗಳ ಸ್ನಾಯು ನಮ್ಮ ಇಚ್ಛೆಯಂತೆ ದುಡಿದು, ದಣಿದು, ರಾತ್ರಿ ವಿಶ್ರಾಂತಿ ಪಡೆಯುವಂಥದ್ದು. ಹೃದಯದ ಸ್ನಾಯುವಿಗೆ ರಜೆಯೇ ಇಲ್ಲ. ಮೈಯ ಉಳಿದ ಸ್ನಾಯುಗಳು ಎಷ್ಟು ಬೆಳೆದವೋ ಅಷ್ಟಕ್ಕೂ ರಕ್ತ ಒದಗಿಸುವ ಹೆಚ್ಚಿನ ಹೊಣೆಯೂ ಅದರದ್ದೇ.

ಭಾರ ಎತ್ತುವ ಆ ಕ್ಷಣದಲ್ಲಿ ಒಳಗೆ ಏನು ನಡೆಯುತ್ತದೆ ಎಂಬುದನ್ನು 1985ರಲ್ಲಿ ಕೆನಡಾದ ಸಂಶೋಧಕರು ಅಳೆದು ನೋಡಿದ್ದರು. ಐವರು ಅನುಭವಿ ದೇಹದಾರ್ಢ್ಯ ಪಟುಗಳ ತೋಳಿನ ಅಪಧಮನಿಗೆ ಸಣ್ಣ ನಳಿಕೆ ಇಳಿಸಿ, ಅವರು ಎರಡೂ ಕಾಲಿನಿಂದ ಭಾರ ಒತ್ತುತ್ತಿದ್ದಾಗ ರಕ್ತದೊತ್ತಡ ದಾಖಲಿಸಿದರು. ಗುಂಪಿನ ಸರಾಸರಿ 320/250ಕ್ಕೆ ಮುಟ್ಟಿತ್ತು. ವಿಶ್ರಾಂತಿಯಲ್ಲಿ 120/80 ಇರಬೇಕಾದದ್ದು ಕೆಲವು ಕ್ಷಣಗಳ ಮಟ್ಟಿಗೆ ಅಲ್ಲಿಗೆ ಏರಿ ಮತ್ತೆ ಇಳಿಯುತ್ತದೆ. ಉಸಿರು ಬಿಗಿಹಿಡಿದು ಭಾರ ಒತ್ತುವುದೂ ಇದಕ್ಕೆ ಒಂದು ಕಾರಣ. ಆರೋಗ್ಯವಂತ ಹೃದಯ ಈ ಏರಿಳಿತವನ್ನು ತಾಳಿಕೊಳ್ಳುತ್ತದೆ. ವರ್ಷಗಟ್ಟಲೆ ಇದೇ ನಡೆದಾಗ ಮೈಗೆಲ್ಲ ರಕ್ತ ತಳ್ಳುವ ಎಡ ಕೆಳಕೋಣೆಯ ಗೋಡೆ ಸ್ವಲ್ಪ ದಪ್ಪವಾಗುತ್ತದೆ.

ವೈದ್ಯರಿಗೆ ಕಷ್ಟ ಶುರುವಾಗುವುದೂ ಇಲ್ಲಿಯೇ. ಶಬ್ದತರಂಗಗಳಿಂದ ಹೃದಯದ ಚಿತ್ರ ತೆಗೆಯುವ ಎಕೋ ಪರೀಕ್ಷೆಯಲ್ಲಿ ಆ ಗೋಡೆಯ ದಪ್ಪ ಸಾಮಾನ್ಯವಾಗಿ 11 ಮಿಲಿಮೀಟರ್ ಒಳಗಿರುತ್ತದೆ. 13ರಿಂದ 15 ಮಿಲಿಮೀಟರ್ ಕಂಡುಬಂದರೆ ಅದು ವ್ಯಾಯಾಮದಿಂದ ಬಂದ ಸಹಜ ಬೆಳವಣಿಗೆಯೋ, ವಂಶವಾಹಿಯಲ್ಲಿ ಬಂದ ಹೃದಯಸ್ನಾಯು ದಪ್ಪವಾಗುವ ಕಾಯಿಲೆಯೋ ಎಂದು ಒಂದು ಚಿತ್ರ ನೋಡಿ ಹೇಳುವುದು ಸುಲಭವಲ್ಲ. ಈ ಕಾಯಿಲೆ ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ ಎಂಬ ಅಂದಾಜಿದೆ. ಅನೇಕರಿಗೆ ಜೀವಮಾನವಿಡೀ ಅದರ ಸುಳಿವೇ ಸಿಗುವುದಿಲ್ಲ. ಸಂಶಯ ಬಂದಾಗ ಕೆಲವು ತಿಂಗಳು ಭಾರ ಎತ್ತುವುದನ್ನು ಬಿಡಿಸಿ ಮತ್ತೆ ಎಕೋ ಮಾಡುವ ಪದ್ಧತಿ ಇದೆ. ವ್ಯಾಯಾಮದಿಂದ ದಪ್ಪವಾಗಿದ್ದರೆ ಗೋಡೆ ತೆಳುವಾಗುತ್ತದೆ, ಕಾಯಿಲೆಯಾಗಿದ್ದರೆ ಹಾಗೆಯೇ ಉಳಿಯುತ್ತದೆ. ಮೈಕಟ್ಟೇ ಜೀವನೋಪಾಯವಾದವರಿಗೆ ಮೂರು ತಿಂಗಳು ಜಿಮ್ ಬಿಡಿ ಎನ್ನುವುದು ಎಷ್ಟು ಕಠಿಣ ಸಲಹೆ ಎಂಬುದನ್ನು ಊಹಿಸಬಹುದು.

ಆರ್ನಾಲ್ಡ್ ಶ್ವಾರ್ಜನೆಗರ್ ಅವರ ಉದಾಹರಣೆ ಇಲ್ಲಿ ನೆರವಿಗೆ ಬರುತ್ತದೆ. 1970ರಿಂದ 1975ರವರೆಗೆ ಸತತವಾಗಿ ಆರು ಬಾರಿ, 1980ರಲ್ಲಿ ಮತ್ತೊಮ್ಮೆ ಮಿಸ್ಟರ್ ಒಲಿಂಪಿಯಾ ಗೆದ್ದು ಹಾಲಿವುಡ್ ನಟರಾದ ಅವರಿಗೆ ಹೃದಯದ ಮಹಾಪಧಮನಿಯ ಕವಾಟದಲ್ಲಿ ಹುಟ್ಟಿನಿಂದಲೇ ದೋಷವಿತ್ತು. ಮೂರು ಪದರ ಇರಬೇಕಾದ ಕವಾಟಕ್ಕೆ ಎರಡೇ ಪದರವಿತ್ತು. ಅದಕ್ಕಾಗಿ 1997ರಲ್ಲಿ ಮೊದಲ ಶಸ್ತ್ರಚಿಕಿತ್ಸೆ ಆಯಿತು, 2018 ಮತ್ತು 2020ರಲ್ಲಿ ಮತ್ತೆ ಹೃದಯದ ಚಿಕಿತ್ಸೆಗೆ ಒಳಗಾಗಬೇಕಾಯಿತು. ಜಗತ್ತೇ ಕಣ್ಣರಳಿಸಿ ನೋಡಿದ ಆ ಎದೆಯ ಒಳಗಿನ ದೋಷ ವೇದಿಕೆಯ ಮೇಲೆ ಯಾರಿಗೂ ಕಾಣುವಂತಿರಲಿಲ್ಲ. ಇನ್ನೊಂದು ತುದಿಯಲ್ಲಿ 1952ರಲ್ಲಿ ಮಿಸ್ಟರ್ ಯೂನಿವರ್ಸ್ ಆದ ಬಂಗಾಳದ ಮನೋಹರ್ ಆಯಿಚ್ ಇದ್ದಾರೆ. ಅವರು 2016ರಲ್ಲಿ ತೀರಿಕೊಂಡಾಗ ವಯಸ್ಸು ನೂರು ದಾಟಿತ್ತು. ಒಬ್ಬರ ಬದುಕನ್ನೋ ಸಾವನ್ನೋ ಹಿಡಿದುಕೊಂಡು ದೇಹದಾರ್ಢ್ಯ ಒಳ್ಳೆಯದು ಅಥವಾ ಕೆಟ್ಟದ್ದು ಎಂದು ತೀರ್ಪು ಕೊಡಲಾಗದು. ಅದಕ್ಕೆ ಸಾವಿರಾರು ಜನರ ಲೆಕ್ಕ ಬೇಕು.

ಸ್ಟೆರಾಯ್ಡ್: ಸಂಶೋಧನೆ ಏನು ಹೇಳುತ್ತದೆ

ಅಂಥ ಲೆಕ್ಕ ಈಗ ಸಿಗುತ್ತಿದೆ. ಇಟಲಿಯ ಪಡೋವಾ ವಿಶ್ವವಿದ್ಯಾಲಯದ ಸಂಶೋಧಕರು 2005ರಿಂದ 2020ರವರೆಗೆ ಅಂತರರಾಷ್ಟ್ರೀಯ ಒಕ್ಕೂಟದ ಸ್ಪರ್ಧೆಗಳಲ್ಲಿ ಭಾಗವಹಿಸಿದ 20,286 ಪುರುಷ ದೇಹದಾರ್ಢ್ಯ ಪಟುಗಳ ಜಾಡು ಹಿಡಿದು 2025ರ ಮೇ ತಿಂಗಳಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ 121 ಜನ ಸತ್ತಿದ್ದರು, ಸತ್ತಾಗಿನ ಸರಾಸರಿ ವಯಸ್ಸು 45. ಶೇ 38ರಷ್ಟು ಸಾವುಗಳು ಹೃದಯ ಸಂಬಂಧಿ ಹಠಾತ್ ಸಾವುಗಳಾಗಿದ್ದವು. ಹವ್ಯಾಸಿಗಳಿಗೆ ಹೋಲಿಸಿದರೆ ವೃತ್ತಿಪರರಲ್ಲಿ ಈ ಅಪಾಯ ಐದು ಪಟ್ಟಿಗೂ ಹೆಚ್ಚಿತ್ತು. ಮರಣೋತ್ತರ ಪರೀಕ್ಷೆಯ ವರದಿ ದೊರೆತದ್ದು ಬೆರಳೆಣಿಕೆಯಷ್ಟು ಮಂದಿಯದ್ದು ಮಾತ್ರ. ಅವುಗಳಲ್ಲಿ ಹೆಚ್ಚಿನವು ಹಿಗ್ಗಿದ ಅಥವಾ ದಪ್ಪಗಟ್ಟಿದ ಹೃದಯವನ್ನು ತೋರಿಸಿದವು.

ಈ ಹಾನಿ ಎಲ್ಲಿಂದ ಬರುತ್ತದೆ? ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟೆರಾನನ್ನು ಪ್ರಯೋಗಾಲಯದಲ್ಲಿ ತಯಾರಿಸುವ ವಿಧಾನ 1935ರಲ್ಲಿ ಕಂಡುಬಂತು. 1958ರ ಹೊತ್ತಿಗೆ ಅದೇ ಕುಲದ ಸ್ಟೆರಾಯ್ಡ್ ಮಾತ್ರೆಗಳು ಅಮೆರಿಕದ ಭಾರ ಎತ್ತುವವರ ಕೈಗೆ ಬಂದವು. ವಯಸ್ಕ ಗಂಡಸಿನ ದೇಹ ತಾನಾಗಿ ವಾರಕ್ಕೆ ಕೆಲವು ಹತ್ತು ಮಿಲಿಗ್ರಾಂನಷ್ಟು ಟೆಸ್ಟೋಸ್ಟೆರಾನ್ ಉತ್ಪಾದಿಸುತ್ತದೆ. ಜಿಮ್‌ಗಳಲ್ಲಿ ‘ಸೈಕಲ್’ ಎಂದು ಕರೆಯುವ ಅವಧಿಯಲ್ಲಿ ಹಲವರು ವಾರಕ್ಕೆ ನೂರಾರು ಮಿಲಿಗ್ರಾಂ ಚುಚ್ಚಿಸಿಕೊಳ್ಳುತ್ತಾರೆ, ಜೊತೆಗೆ ಬೇರೆ ಮಾತ್ರೆಗಳನ್ನೂ ನುಂಗುತ್ತಾರೆ. ಆಗ ರಕ್ತದಲ್ಲಿ ಒಳ್ಳೆಯ ಕೊಲೆಸ್ಟ್ರಾಲ್ ತಟ್ಟನೆ ಕುಸಿದು ಕೆಟ್ಟದ್ದು ಏರುತ್ತದೆ. ಕೆಂಪು ರಕ್ತಕಣಗಳು ಹೆಚ್ಚಿ ರಕ್ತ ಮಂದವಾಗುತ್ತದೆ. ರಕ್ತದೊತ್ತಡ ಏರುತ್ತದೆ. ಇವೆಲ್ಲಕ್ಕಿಂತ ಕಳವಳಕಾರಿಯಾದುದು ಹೃದಯದ ಸ್ನಾಯುವಿನ ಮೇಲೆಯೇ ಆಗುವ ಪರಿಣಾಮ. ತೋಳಿನ ಸ್ನಾಯುವನ್ನು ಉಬ್ಬಿಸುವ ರಾಸಾಯನಿಕಕ್ಕೆ ಹೃದಯದ ಸ್ನಾಯುವನ್ನು ಬಿಟ್ಟುಬಿಡಬೇಕೆಂಬ ವಿವೇಚನೆ ಇರುವುದಿಲ್ಲ. ಹೃದಯದ ಗೋಡೆ ದಪ್ಪಗಾಗಿ, ನಡುನಡುವೆ ಗಾಯದ ಕಲೆಯಂಥ ಗಟ್ಟಿ ನಾರು ಬೆಳೆಯುತ್ತದೆ. ವಿದ್ಯುತ್ ಸಂಕೇತ ಸರಾಗವಾಗಿ ಹರಿಯಬೇಕಾದ ದಾರಿಯಲ್ಲಿ ಆ ನಾರು ಅಡ್ಡಬಂದಾಗ ಬಡಿತ ಲಯ ತಪ್ಪುತ್ತದೆ.

ಅಮೆರಿಕದಲ್ಲಿ 140 ಅನುಭವಿ ಭಾರ ಎತ್ತುವವರನ್ನು ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಪ್ರತಿ ಬಡಿತಕ್ಕೆ ಎಡ ಕೆಳಕೋಣೆ ತನ್ನಲ್ಲಿರುವ ರಕ್ತದ ಎಷ್ಟು ಪಾಲನ್ನು ಹೊರಗೆ ತಳ್ಳುತ್ತದೆ ಎಂಬ ಅಳತೆ ಸ್ಟೆರಾಯ್ಡ್ ಮುಟ್ಟದವರಲ್ಲಿ ಸರಾಸರಿ ಶೇ 63 ಇತ್ತು, ಬಳಸಿದವರಲ್ಲಿ ಶೇ 52. ಬಳಕೆ ನಿಲ್ಲಿಸಿದ್ದವರಲ್ಲಿ ಅದು ಶೇ 58ರ ಮಟ್ಟಕ್ಕೆ ಏರಿತ್ತು, ಇನ್ನೂ ಬಳಸುತ್ತಿದ್ದವರಲ್ಲಿ ಶೇ 49ಕ್ಕೆ ಇಳಿದಿತ್ತು. ಬಿಟ್ಟವರಿಗೆ ಒಂದಿಷ್ಟು ಚೇತರಿಕೆ ಸಾಧ್ಯ ಎಂಬುದು ಸಮಾಧಾನದ ಸಂಗತಿ. ಆದರೆ ಹೃದಯದ ನಾಳಗಳಲ್ಲಿ ಕಟ್ಟಿಕೊಂಡ ಕೊಬ್ಬಿನ ಪದರ ಬಳಕೆಯ ಒಟ್ಟು ವರ್ಷಗಳಿಗೆ ತಕ್ಕಂತೆ ಹೆಚ್ಚಿರುವುದು ಕಂಡುಬಂತು. ಡೆನ್ಮಾರ್ಕಿನ ಜಿಮ್‌ಗಳಲ್ಲಿ ಪರೀಕ್ಷೆ ನಡೆಸುವ ಅಧಿಕಾರ ಅಲ್ಲಿನ ಉದ್ದೀಪನ ಮದ್ದು ತಡೆ ಸಂಸ್ಥೆಗೆ ಇದೆ. ಹಾಗೆ ಸಿಕ್ಕಿಬಿದ್ದ 1,189 ಗಂಡಸರನ್ನು ಸಾಮಾನ್ಯ ಜನರೊಂದಿಗೆ ಹೋಲಿಸಿದಾಗ ಅವರಲ್ಲಿ ಸಾವಿನ ಪ್ರಮಾಣ ಸುಮಾರು 2.8 ಪಟ್ಟು ಹೆಚ್ಚು ಎಂದು 2024ರಲ್ಲಿ ಗೊತ್ತಾಯಿತು.

ಸ್ಟೆರಾಯ್ಡ್ ಒಂದೇ ಕಾರಣವೂ ಅಲ್ಲ. ಸ್ಪರ್ಧೆಯ ಹಿಂದಿನ ದಿನಗಳಲ್ಲಿ ಚರ್ಮದಡಿಯ ನೀರನ್ನೆಲ್ಲ ಹಿಂಡಿ ತೆಗೆದು ಸ್ನಾಯುವಿನ ಎಳೆ ಎಳೆಯೂ ಕಾಣುವಂತೆ ಮಾಡಲು ಕೆಲವರು ನೀರು ಕುಡಿಯುವುದನ್ನು ಬಿಡುತ್ತಾರೆ, ಮೂತ್ರವರ್ಧಕ ಮಾತ್ರೆ ನುಂಗುತ್ತಾರೆ. ಪೊಟ್ಯಾಸಿಯಂ ಹದ ತಪ್ಪುವುದು ಆಗಲೇ. ಪ್ರೇಕ್ಷಕರಿಗೆ ಆ ಮೈ ಅತ್ಯಂತ ಸುಂದರವಾಗಿ ಕಾಣುವ ದಿನವೇ ಒಳಗಿನಿಂದ ಅದು ಅತ್ಯಂತ ದುರ್ಬಲವಾಗಿರುವ ದಿನವೂ ಆಗಿರುತ್ತದೆ.

ಆದರೆ ಇಲ್ಲಿ ಒಂದು ಗೆರೆ ಎಳೆದುಕೊಳ್ಳಲೇಬೇಕು. ಒಂದು ಗುಂಪಿನ ಬಗ್ಗೆ ತಿಳಿದ ಲೆಕ್ಕವನ್ನು ಆ ಗುಂಪಿನ ಒಬ್ಬ ವ್ಯಕ್ತಿಯ ಸಾವಿಗೆ ಅಂಟಿಸುವುದು ನ್ಯಾಯವಲ್ಲ. ಘುಮನ್ ಸ್ಟೆರಾಯ್ಡ್ ಬಳಸುತ್ತಿದ್ದರು ಎನ್ನುವುದಕ್ಕೆ ಪುರಾವೆ ಮುಂದಿಡದೆ ಹಾಗೆ ಹೇಳುವುದು ಅವರ ಮೇಲೂ ದುಃಖದಲ್ಲಿರುವ ಅವರ ಮನೆಯವರ ಮೇಲೂ ಮಾಡುವ ಅನ್ಯಾಯ. ಶವದ ಹೃದಯ, ರಕ್ತ, ಅಂಗಾಂಶಗಳನ್ನು ಪರೀಕ್ಷಿಸಿ ಹೇಳಬೇಕಾದ ಮಾತನ್ನು ಜಾಲತಾಣದಲ್ಲಿ ಕುಳಿತು ಹೇಳಲಾಗದು.

ವೇದಿಕೆಯಿಂದ ತೆರೆಗೆ

ದೇಹದಾರ್ಢ್ಯ ಪಟುಗಳು ಸಿನಿಮಾಕ್ಕೆ ಬರುವುದು ಹೊಸತೇನಲ್ಲ. ಅಮೆರಿಕದ ಸ್ಟೀವ್ ರೀವ್ಸ್ 1947ರಲ್ಲಿ ಮಿಸ್ಟರ್ ಅಮೆರಿಕ ಆಗಿ, ಮುಂದೆ ಇಟಲಿಯ ಪೌರಾಣಿಕ ಚಿತ್ರಗಳ ನಾಯಕರಾದರು. ಬೆಂಗಳೂರಿನಲ್ಲಿ ಹರ್ಕ್ಯುಲಸ್ ಜಿಮ್ನೇಷಿಯಂ ಕಟ್ಟಿ, ಭಾರ ಎತ್ತುವುದರ ಜೊತೆಗೆ ಸೂರ್ಯನಮಸ್ಕಾರ, ಆಸನಗಳನ್ನೂ ಕಲಿಸಿದ ಕೆ.ವಿ. ಅಯ್ಯರ್ ರಂಗಭೂಮಿಯಲ್ಲೂ ಕಾದಂಬರಿ ಬರವಣಿಗೆಯಲ್ಲೂ ಹೆಸರು ಮಾಡಿದವರು. ಮೈಕಟ್ಟಿಗೂ ಕಲೆಗೂ ನಮ್ಮಲ್ಲಿ ನಂಟು ಹಳೆಯದು.

ಈಗ ಬದಲಾಗಿರುವುದು ತೆರೆ ಕೇಳುವ ಮೈಯ ಪ್ರಮಾಣ ಮತ್ತು ಅವಸರ. ನಾಯಕನಿಗೆ ಎದುರು ನಿಲ್ಲುವ ಖಳನ ಪಾತ್ರಕ್ಕೆ ಪರದೆ ತುಂಬುವ ದೇಹ ಬೇಕು, ಅದೂ ಚಿತ್ರೀಕರಣದ ದಿನಾಂಕಕ್ಕೆ ಸರಿಯಾಗಿ ಬೇಕು. ಅಂಗಿ ಕಳಚುವ ದೃಶ್ಯ ಮುಂದೂಡಿದರೆ ನೀರು ಬಿಟ್ಟು ಹದಕ್ಕೆ ತಂದ ಮೈಯನ್ನು ಮತ್ತೆ ಹದಕ್ಕೆ ತರಬೇಕಾಗುತ್ತದೆ. ಕ್ರೀಡಾಪಟುವಿಗೆ ಉದ್ದೀಪನ ಮದ್ದಿನ ಪರೀಕ್ಷೆಯ ಭಯವಾದರೂ ಇರುತ್ತದೆ. ಭಾರತದಲ್ಲಿ 2022ರಿಂದ ಅದಕ್ಕೆ ಪ್ರತ್ಯೇಕ ಕಾಯ್ದೆಯೂ ಇದೆ. ಆದರೆ ಆ ಕಾಯ್ದೆಯ ಕೈ ನಟರಿಗಾಗಲಿ, ಸ್ಪರ್ಧೆಗೆ ಇಳಿಯದೆ ನಟರನ್ನು ನೋಡಿ ಜಿಮ್ ಸೇರುವ ಹುಡುಗರಿಗಾಗಲಿ ತಲುಪುವುದಿಲ್ಲ. ಸ್ಟೆರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂಬ ಔಷಧ ನಿಯಮವೇನೋ ಇದೆ. ಅದರ ಪಾಲನೆ ಮಾತ್ರ ಸಡಿಲ. ಪ್ರೋಟೀನ್ ಪುಡಿಯ ಡಬ್ಬಿಗಳ ಮೇಲಿನ ಬರಹವನ್ನೂ ನಂಬುವಂತಿಲ್ಲ. ಕೇರಳದ ವೈದ್ಯರ ತಂಡವೊಂದು 2024ರಲ್ಲಿ ಭಾರತದ ಮಾರುಕಟ್ಟೆಯ 36 ಪುಡಿಗಳನ್ನು ಪರೀಕ್ಷಿಸಿದಾಗ ಸುಮಾರು ಶೇ 70ರಲ್ಲಿ ಪ್ರೋಟೀನಿನ ಪ್ರಮಾಣ ಡಬ್ಬಿಯ ಮೇಲೆ ಬರೆದದ್ದಕ್ಕೆ ಹೊಂದುತ್ತಿರಲಿಲ್ಲ.

‘ಸಣ್ಣ’ ಆಪರೇಷನ್ ಎಂಬ ಭ್ರಮೆ

ಸ್ನಾಯುವಿನ ಗಾಯಕ್ಕೆ ಮಾಡಿದ ಆಪರೇಷನ್‌ನಿಂದ ಯಾರಾದರೂ ಸಾಯುತ್ತಾರೆಯೇ ಎಂಬುದು ಅನೇಕರ ಪ್ರಶ್ನೆ. ಇದರ ಹಿಂದೆ ಒಂದು ತಪ್ಪು ತಿಳಿವಳಿಕೆ ಇದೆ. ಕತ್ತರಿ ಎಷ್ಟು ಉದ್ದ ಆಡಿತು ಎಂಬುದರ ಮೇಲೆ ನಾವು ಆಪರೇಷನ್ ದೊಡ್ಡದೋ ಸಣ್ಣದೋ ಎಂದು ಅಳೆಯುತ್ತೇವೆ. ದೇಹಕ್ಕಾದರೋ ಅರಿವಳಿಕೆಯೇ ಒಂದು ದೊಡ್ಡ ಪರೀಕ್ಷೆ. ಪೂರ್ಣ ಅರಿವಳಿಕೆಯ ಔಷಧಗಳು ರಕ್ತನಾಳಗಳನ್ನು ಸಡಿಲಗೊಳಿಸಿ ಒತ್ತಡ ಇಳಿಸುತ್ತವೆ, ಉಸಿರಾಟವನ್ನು ತಗ್ಗಿಸುತ್ತವೆ. ದಪ್ಪ ಗೋಡೆಯ, ಬಿಗಿಯಾದ ಹೃದಯಕ್ಕೆ ಒತ್ತಡದ ಈ ಕುಸಿತ ಸಾಮಾನ್ಯ ಹೃದಯಕ್ಕಿಂತ ಕಷ್ಟ. ತೋಳು ಮತ್ತು ಭುಜದ ಆಪರೇಷನ್‌ಗಳಲ್ಲಿ ಕತ್ತಿನ ಬುಡದ ನರಗಳ ಸುತ್ತ ಮರಗಟ್ಟಿಸುವ ಔಷಧ ಕೊಡುವ ರೂಢಿಯೂ ಇದೆ. ಅದು ಅಪ್ಪಿತಪ್ಪಿ ರಕ್ತನಾಳಕ್ಕೆ ಸೇರಿದರೆ ಹೃದಯದ ಲಯವನ್ನೇ ಕೆಡಿಸಬಲ್ಲದು. ಇವೆಲ್ಲ ಅಪರೂಪ. ತರಬೇತಾದ ತಂಡ ಇವಕ್ಕೆ ಸಿದ್ಧವಾಗಿಯೇ ಇರುತ್ತದೆ. ಆದರೂ ಅಪಾಯ ಸೊನ್ನೆಯೆಂದು ಯಾವ ಅರಿವಳಿಕೆ ತಜ್ಞರೂ ಹೇಳುವುದಿಲ್ಲ.

ಆಪರೇಷನ್‌ಗೆ ಮುಂಚೆ ಅರಿವಳಿಕೆ ತಜ್ಞರು ರೋಗಿಯನ್ನು ಕೂರಿಸಿಕೊಂಡು ಕೇಳುವ ಪ್ರಶ್ನೆಗಳಿಗೆ ಮಹತ್ವ ಬರುವುದು ಈ ಕಾರಣಕ್ಕೆ. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದೆಯೇ, ಎಂದಾದರೂ ಎಚ್ಚರ ತಪ್ಪಿತ್ತೇ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ಸತ್ತಿದ್ದಾರೆಯೇ, ಏನೇನು ಮಾತ್ರೆ, ಇಂಜೆಕ್ಷನ್, ಪುಡಿ ತೆಗೆದುಕೊಳ್ಳುತ್ತೀರಿ ಎಂದೆಲ್ಲ ಅವರು ಕೇಳುತ್ತಾರೆ. ಗಟ್ಟಿಮುಟ್ಟಾದ ಯುವಕ ಮುಂದೆ ಕುಳಿತಾಗ ಈ ಪ್ರಶ್ನೆಗಳು ಔಪಚಾರಿಕವಾಗಿಬಿಡುವ ಅಪಾಯ ಎರಡೂ ಕಡೆಯಿಂದ ಇದೆ. ಇವನಿಗೇನಾಗಿದೆ ಎಂದು ವೈದ್ಯರಿಗೆ ಅನ್ನಿಸಬಹುದು, ಪುಡಿ ಮತ್ತು ಇಂಜೆಕ್ಷನ್ ವಿಷಯ ಹೇಳಲು ರೋಗಿ ನಾಚಬಹುದು. ಅಲ್ಲಿ ಹೇಳಿದ್ದು ಪೊಲೀಸರಿಗೆ ಹೋಗುವುದಿಲ್ಲ, ಅರಿವಳಿಕೆಯ ಔಷಧ ಮತ್ತು ಪ್ರಮಾಣವನ್ನು ಆರಿಸಲಷ್ಟೇ ಬಳಕೆಯಾಗುತ್ತದೆ ಎಂಬುದು ಜಿಮ್‌ಗೆ ಹೋಗುವ ಪ್ರತಿಯೊಬ್ಬರಿಗೂ ತಿಳಿದಿರಬೇಕು.

ನಿರ್ಲಕ್ಷ್ಯದ ಆರೋಪವನ್ನು ಯಾರು ತೀರ್ಮಾನಿಸುತ್ತಾರೆ

ಬಂಧುಗಳ ಆರೋಪವನ್ನು ಭಾವಾವೇಶ ಎಂದು ತಳ್ಳಿಹಾಕುವುದು ತಪ್ಪು. ಆರೋಪ ಬಂದೊಡನೆ ವೈದ್ಯರನ್ನು ಕೊಲೆಗಾರರೆನ್ನುವುದೂ ಅಷ್ಟೇ ತಪ್ಪು. ಈ ಬಗ್ಗೆ ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಕೊಟ್ಟ ತೀರ್ಪೇ ಇಂದಿಗೂ ದಾರಿದೀಪ. ಆ ಪ್ರಕರಣವೂ ಪಂಜಾಬಿನದ್ದೇ. ಕ್ರಿಮಿನಲ್ ಮೊಕದ್ದಮೆ ನಿಲ್ಲಬೇಕಾದರೆ ನಿರ್ಲಕ್ಷ್ಯ ತೀರಾ ಘೋರವಾಗಿರಬೇಕು, ಅದನ್ನು ಹೇಳುವ ಮುನ್ನ ಅದೇ ಕ್ಷೇತ್ರದ ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದು ನ್ಯಾಯಾಲಯ ಹೇಳಿತು. ಫಲಿತಾಂಶ ಕೆಟ್ಟದಾಯಿತು ಎಂಬುದಷ್ಟೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗದು. ಪರಿಹಾರ ಕೋರಿ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿ ಬೇರೆ, ಅಲ್ಲಿ ರುಜುವಾತಿನ ಹೊರೆ ಇಷ್ಟು ಭಾರವಲ್ಲ.

ಯಾವ ದಾರಿಯಲ್ಲಿ ಹೋದರೂ ಕೊನೆಗೆ ಬೇಕಾಗುವುದು ದಾಖಲೆ. ಅರಿವಳಿಕೆಯ ಹೊತ್ತಿನಲ್ಲಿ ನಿಮಿಷ ನಿಮಿಷಕ್ಕೆ ಬರೆದಿಟ್ಟ ರಕ್ತದೊತ್ತಡ, ಆಮ್ಲಜನಕ, ಬಡಿತದ ಪಟ್ಟಿ, ಕೊಟ್ಟ ಔಷಧಗಳ ವಿವರ, ಹೃದಯ ನಿಂತ ಮೇಲೆ ಯಾವಾಗ ಎದೆ ಒತ್ತಲು ಶುರುಮಾಡಿದರು ಎಂಬುದು, ಮತ್ತು ಮರಣೋತ್ತರ ಪರೀಕ್ಷೆ. ಕೊನೆಯದು ಇಲ್ಲದಿದ್ದರೆ ಆರೋಪವೂ ಸಾಬೀತಾಗುವುದಿಲ್ಲ, ನಿರ್ದೋಷಿತ್ವವೂ ಸಾಬೀತಾಗುವುದಿಲ್ಲ. ಮನೆಯವರಿಗೆ ಶವವನ್ನು ಕೊಯ್ಯಿಸಲು ಮನಸ್ಸು ಬಾರದಿರುವುದು ಅರ್ಥವಾಗುವಂಥದ್ದು. ಆದರೆ ಅಂತ್ಯಕ್ರಿಯೆಯ ನಂತರ ಕೇಳುವ ಪ್ರಶ್ನೆಗೆ ಉತ್ತರಿಸಲು ದೇಹ ಉಳಿದಿರುವುದಿಲ್ಲ.

ಸಸ್ಯಾಹಾರ ಮತ್ತು ಲಸಿಕೆ

ಇವೆರಡರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸಸ್ಯಾಹಾರ ಹೃದಯಕ್ಕೆ ಹಿತವಾಗಬಹುದು, ಕವಚವಾಗದು. 52 ದೇಶಗಳಲ್ಲಿ ನಡೆದ ಅಧ್ಯಯನವೊಂದರ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ ಬರುತ್ತದೆ, ಉಳಿದವರಿಗಿಂತ ಐದಾರು ವರ್ಷ ಮೊದಲೇ. ಲಸಿಕೆಯ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 47 ಆಸ್ಪತ್ರೆಗಳ ಮೂಲಕ 18ರಿಂದ 45 ವಯಸ್ಸಿನವರ ಕಾರಣ ತಿಳಿಯದ ಹಠಾತ್ ಸಾವುಗಳನ್ನು ಪರಿಶೀಲಿಸಿ, ಲಸಿಕೆ ಅಪಾಯ ಹೆಚ್ಚಿಸಲಿಲ್ಲ ಎಂದು 2023ರಲ್ಲಿ ಹೇಳಿತು. ಅಪಾಯ ಹೆಚ್ಚಿಸಿದವೆಂದು ಅದು ಗುರುತಿಸಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದ ಇತಿಹಾಸ, ಕುಟುಂಬದಲ್ಲಿ ಹಠಾತ್ ಸಾವು, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ವಿಪರೀತ ಕುಡಿತ, ಮಾದಕ ವಸ್ತು ಬಳಕೆ ಮತ್ತು ತೀವ್ರ ಶ್ರಮದ ವ್ಯಾಯಾಮ. ಕುಟುಂಬದ ಇತಿಹಾಸ ಕೇಳಿ ತಿಳಿದುಕೊಳ್ಳಲು ಯಾವ ಖರ್ಚೂ ಇಲ್ಲ.

ಕರ್ನಾಟಕ ಕಂಡ ಭಯ, ಕಂಡುಕೊಂಡ ದಾರಿ

ಕನ್ನಡಿಗರಿಗೆ ಈ ಗೊಂದಲ ಅಪರಿಚಿತವಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. 2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ ಬಂದಾಗ ಜಯದೇವ ಆಸ್ಪತ್ರೆಯಲ್ಲಿ ಮತ್ತೆ ಅದೇ ಜನಸಂದಣಿ. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಸಮಿತಿ 24 ಸಾವುಗಳನ್ನು ಒಂದೊಂದಾಗಿ ನೋಡಿದಾಗ ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಉಳಿದವುಗಳಲ್ಲೂ ಎಲ್ಲದಕ್ಕೂ ಖಚಿತ ಕಾರಣ ಹೇಳಲಾಗಲಿಲ್ಲ, ಏಕೆಂದರೆ ಮರಣೋತ್ತರ ಪರೀಕ್ಷೆ ಆಗಿದ್ದದ್ದು ಕೆಲವೇ ಪ್ರಕರಣಗಳಲ್ಲಿ. ತಿಂಗಳುಗಟ್ಟಲೆ ಇಡೀ ಜಿಲ್ಲೆಯನ್ನು ಕಾಡಿದ ಭಯದ ಒಂದು ಪಾಲು ಹೃದಯಾಘಾತ ಎಂಬ ಹಣೆಪಟ್ಟಿಯಿಂದಲೇ ಹುಟ್ಟಿತ್ತು.

ಆ ಅನುಭವದಿಂದ ಬಂದ ನಿರ್ಧಾರ ಗಮನಾರ್ಹ. ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಆಸ್ಪತ್ರೆಯ ಹೊರಗೆ ಆಗುವ ಅಂಥ ಸಾವುಗಳಲ್ಲಿ ಮರಣೋತ್ತರ ಪರೀಕ್ಷೆ ನಡೆಯಬೇಕು ಎಂದು ರಾಜ್ಯ ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿತು. ಹೃದಯಾಘಾತವಾದವರಿಗೆ ತಾಲ್ಲೂಕು ಮಟ್ಟದಲ್ಲೇ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ, ಪುನೀತ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ವಿಸ್ತರಿಸುವುದಾಗಿಯೂ ಹೇಳಿತು. ಯೋಜನೆ ಬದುಕಿರುವವರನ್ನು ಉಳಿಸಲು, ಪರೀಕ್ಷೆಯ ನಿಯಮ ಸತ್ತವರಿಂದ ಕಲಿಯಲು. ಎರಡನೆಯದು ಜನಪ್ರಿಯವಾಗುವುದು ಕಷ್ಟ. ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ 22.5ರಷ್ಟಕ್ಕೆ ಮಾತ್ರ ಎಂಬುದನ್ನು ನೆನೆದರೆ ಈ ನಿಯಮದ ಬೆಲೆ ಗೊತ್ತಾಗುತ್ತದೆ.

ಮುಂದೆ ಏನಾಗಬಹುದು

ಘುಮನ್ ಅವರ ಸಾವು ಕೇವಲ ಸುದ್ದಿಯಾಗಿ ಉಳಿದರೆ ಎರಡು ಪರಿಣಾಮಗಳನ್ನು ನಿರೀಕ್ಷಿಸಬಹುದು. ಒಂದಷ್ಟು ಜನ ಹೆದರಿ ಜಿಮ್ ಬಿಡುತ್ತಾರೆ. ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಮನೆಮನೆಯಲ್ಲಿರುವ ನಮ್ಮಂಥ ಸಮಾಜಕ್ಕೆ ಅದು ನಷ್ಟವೇ, ಏಕೆಂದರೆ ಹದವರಿತ ಭಾರ ಎತ್ತುವ ವ್ಯಾಯಾಮ ಇವೆರಡನ್ನೂ ಹತೋಟಿಗೆ ತರಲು ನೆರವಾಗುತ್ತದೆ. ಇನ್ನೊಂದಷ್ಟು ಜನ, ಅದರಲ್ಲೂ ಬೇಗ ಮೈ ಬೆಳೆಸುವ ಆತುರದ ಹುಡುಗರು, ಅದು ಆಪರೇಷನ್‌ನಲ್ಲಿ ಆದ ಎಡವಟ್ಟು, ನಮ್ಮ ‘ಸೈಕಲ್’ಗೂ ಅದಕ್ಕೂ ಸಂಬಂಧವಿಲ್ಲ ಎಂದುಕೊಂಡು ತಮ್ಮ ದಾರಿಯಲ್ಲೇ ಮುಂದುವರಿಯುತ್ತಾರೆ.

ಇದನ್ನು ತಪ್ಪಿಸುವ ಕೆಲಸಗಳು ದೊಡ್ಡವೇನಲ್ಲ. ಜಿಮ್ ಸೇರುವಾಗ ಶುಲ್ಕದ ರಸೀದಿಯ ಜೊತೆಗೆ ರಕ್ತದೊತ್ತಡ ಅಳೆದು, ಕುಟುಂಬದಲ್ಲಿ ಹಠಾತ್ ಸಾವು ಆಗಿದೆಯೇ ಎಂದು ಕೇಳಿ ಬರೆದುಕೊಳ್ಳಬಹುದು. ಸಂಶಯವಿದ್ದವರನ್ನು ಇಸಿಜಿ, ಎಕೋಗೆ ಕಳಿಸಬಹುದು. ಎದೆ ಒತ್ತಿ ಜೀವ ಉಳಿಸುವ ವಿಧಾನವನ್ನು ಪ್ರತಿ ತರಬೇತುದಾರರಿಗೂ ಕಲಿಸಬಹುದು. ನಿಂತ ಹೃದಯಕ್ಕೆ ಮೊದಲ ಮೂರ್ನಾಲ್ಕು ನಿಮಿಷಗಳಲ್ಲಿ ಸಿಗುವ ಆ ಒತ್ತಡವೇ ನಿರ್ಣಾಯಕ, ಆಂಬುಲೆನ್ಸ್ ಅಷ್ಟರಲ್ಲಿ ಬರುವುದು ನಮ್ಮ ಊರುಗಳಲ್ಲಿ ಅಪರೂಪ. ಜಿಮ್‌ಗಳಲ್ಲಿ ಸ್ಟೆರಾಯ್ಡ್ ಮಾರಾಟವನ್ನು ಔಷಧ ನಿಯಂತ್ರಣ ಇಲಾಖೆ ಗಂಭೀರವಾಗಿ ತೆಗೆದುಕೊಳ್ಳಲು ಹೊಸ ಕಾನೂನು ಬೇಕಿಲ್ಲ, ಇರುವ ನಿಯಮವೇ ಸಾಕು. ಮತ್ತು ಸುದ್ದಿ ಬರೆಯುವವರು ಹೃದಯಸ್ತಂಭನ ಎಂದು ಬರೆದ ಮೇಲೆ ವಾಕ್ಯವನ್ನು ಅಲ್ಲಿಗೇ ನಿಲ್ಲಿಸದೆ, ಅದಕ್ಕೆ ಕಾರಣವೇನೆಂದು ವೈದ್ಯರು ಹೇಳಿದ್ದಾರೆಯೇ, ಮರಣೋತ್ತರ ಪರೀಕ್ಷೆ ನಡೆದಿದೆಯೇ ಎಂದು ಇನ್ನೊಂದು ಸಾಲು ಸೇರಿಸಬಹುದು.